ಹಾಲು ಬಾರದ ಹಾಲೆ ಮರ: ಒಂದು ಆಟಿ ಅಮಾವಾಸ್ಯೆಯ ಪ್ರಕರಣ

ಇದು ಕಾಸರಗೋಡು ಜಿಲ್ಲೆಯ ಉತ್ತರ ಭಾಗದ ಒಂದು ಹಳ್ಳಿಯಲ್ಲಿ ನಡೆದದ್ದು. ಮನೆಯವರು ಒಪ್ಪಿದ ಮೇಲೆ ಬರೆಯುತ್ತಿದ್ದೇನೆ. ಊರು, ಮನೆತನ, ವರ್ಷ ಯಾವುದನ್ನೂ ಹೇಳುವುದಿಲ್ಲ. ವಯಸ್ಸು, ನೆಂಟಸ್ತಿಕೆಗಳನ್ನು ಅಲ್ಲಲ್ಲಿ ಬದಲಿಸಿದ್ದೇನೆ. ನಾನು ಸಸ್ಯಶಾಸ್ತ್ರ ಕಲಿಸುವವನು, ವೈದ್ಯನಲ್ಲ. ಆಸ್ಪತ್ರೆಯ ಕತೆಯನ್ನು ಅಲ್ಲಿದ್ದವರ ಬಾಯಿಂದ, ಡಿಸ್ಚಾರ್ಜ್ ಕಾಗದದಿಂದ ಜೋಡಿಸಿಕೊಂಡಿದ್ದೇನೆ. ತೊಗಟೆಯ ಕತೆ ಮಾತ್ರ ನನ್ನ ಕೈಯಲ್ಲೇ ಆದದ್ದು.

ಮರ ಮತ್ತು ಮನೆ

ತುಳುನಾಡಿನವರಿಗೆ ಆಟಿ ಅಮಾವಾಸ್ಯೆಯ ಬಗ್ಗೆ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಎರಡು ಮಾತು. ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕದ ತಿಂಗಳು ಆಟಿ. ಮಲಯಾಳದವರಿಗೆ ಅದು ಕರ್ಕಟಕ. ಬಿಡದ ಮಳೆ, ಥಂಡಿ, ಜ್ವರ, ಹೊಟ್ಟೆ ಕೆಡುವುದು ಎಲ್ಲ ಒಟ್ಟಿಗೆ ಬರುವ ಕಾಲ. ಆ ತಿಂಗಳ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲೇ ಹಾಲೆ ಮರದ ತೊಗಟೆ ತರುತ್ತಾರೆ. ಕತ್ತಿ ತಾಗಿಸುವ ಹಾಗಿಲ್ಲ, ಕಲ್ಲಿನಿಂದಲೇ ಜಜ್ಜಿ ಎಬ್ಬಿಸಬೇಕು. ಅರೆದು ರಸ ಹಿಂಡಿ, ಓಮ, ಕಾಳುಮೆಣಸು, ಬೆಳ್ಳುಳ್ಳಿ, ಅರಸಿನ ಸೇರಿಸುತ್ತಾರೆ. ಕೆಂಡದಲ್ಲಿ ಕಾಯಿಸಿದ ಬಿಳಿಕಲ್ಲನ್ನು ಅದರೊಳಗೆ ಚುಂಯ್ ಎನ್ನಿಸಿ, ಖಾಲಿ ಹೊಟ್ಟೆಗೆ ಕುಡಿಯುತ್ತಾರೆ. ಆಮೇಲೆ ಹೊಟ್ಟೆ ತಂಪಿಗೆ ಮೆಂತೆ ಗಂಜಿ.

ಹಾಲೆಗೆ ಮದ್ದಾಲೆ ಎಂದೂ ಹೇಳುತ್ತಾರೆ. ತುಳುವಿನಲ್ಲಿ ಪಾಲೆ, ಸಂಸ್ಕೃತದಲ್ಲಿ ಸಪ್ತಪರ್ಣ, ಮಲಯಾಳದಲ್ಲಿ ಏಳಿಲಂಪಾಲ. ಈ ಹೆಸರುಗಳನ್ನು ಸರಿಯಾಗಿ ಕೇಳಿದರೆ ಮರದ ಗುರುತು ಅದರಲ್ಲೇ ಇದೆ: ಗಾಯ ಮಾಡಿದರೆ ಹಾಲು ಬರಬೇಕು, ಒಂದೇ ಗಂಟಿನ ಸುತ್ತ ಏಳರ ಹತ್ತಿರ ಎಲೆಗಳಿರಬೇಕು. ವಿಜ್ಞಾನದ ಹೆಸರು ಆಲ್‌ಸ್ಟೋನಿಯಾ ಸ್ಕೊಲಾರಿಸ್. ಮಕ್ಕಳು ಬರೆಯುವ ಹಲಗೆಗೆ ಇದರ ಮರ ಬಳಸುತ್ತಿದ್ದರು, ಆ ಶಾಲೆಯ ನಂಟಿನಿಂದ ಬಂದ ಹೆಸರು ಸ್ಕೊಲಾರಿಸ್. ಅಷ್ಟು ಮೆದು ಮರ, ಹಾಗಾಗಿ ಕೊಳ್ಳುವವರೂ ಇದ್ದಾರೆ. ಈ ಪ್ರಕರಣ ನಿಜವಾಗಿ ಶುರುವಾಗುವುದು ಅಲ್ಲಿಂದಲೇ.

ಆ ಮನೆಯಲ್ಲಿ ಐವತ್ತು ವರ್ಷ ತೊಗಟೆ ತಂದವರು ಅಜ್ಜ. ಗುಡ್ಡದ ಬುಡದಲ್ಲಿ ನಾಗಬನದ ಅಂಚಿಗೆ ಒಂದು ಹಾಲೆ ಇತ್ತು, ಅವರು ಬೇರೆ ಮರ ಮುಟ್ಟಿದವರಲ್ಲ. ಹಿಂದಿನ ದಿನ ಸಂಜೆ ಹೋಗಿ ಮರ ನೋಡಿ, ಬುಡಕ್ಕೆ ಒಂದು ಬಳ್ಳಿ ಸುತ್ತಿ ಬರುವುದು ಅವರ ಕ್ರಮ. "ಮರಕ್ಕೆ ಮೊದಲೇ ಹೇಳಿ ಬರುವುದು" ಎನ್ನುತ್ತಿದ್ದರು. ಮನೆಯ ಮಕ್ಕಳಿಗೆ ಅದೊಂದು ಭಕ್ತಿಯ ಕೆಲಸದ ಹಾಗೆ ಕಂಡಿತ್ತು, ಅಷ್ಟೇ.

ಈ ಪ್ರಕರಣಕ್ಕೆ ಎರಡು ವರ್ಷ ಮೊದಲು ರಬ್ಬರಿಗೆ ಜಾಗ ಮಾಡುವಾಗ ಆ ಹಾಲೆಯನ್ನೂ ಕಡಿದು ಕೊಟ್ಟರು. ಅಜ್ಜನಿಗೆ ಕಣ್ಣು ಮಂಜಾಗಿ, ಮಂಡಿ ನೋವಾಗಿ ಗುಡ್ಡದ ಕಡೆ ಹೋಗುವುದು ನಿಂತಿತ್ತು. ಅವರಿಗೆ ಬೇಸರವಾದೀತು ಅಂತ ಯಾರೂ ಹೇಳಲಿಲ್ಲ. ಮಾರನೆ ವರ್ಷ ಸೂತಕ ಬಂದು ಕಷಾಯ ತಪ್ಪಿತು. ಆದ್ದರಿಂದ ಮಾತು ಏಳಲೇ ಇಲ್ಲ.

ಆ ಬೆಳಗ್ಗೆ

ಬೆಂಗಳೂರಿನಲ್ಲಿ ಕೆಲಸ ಮಾಡುವ ಮೊಮ್ಮಗ ರಜೆ ಹಾಕಿ ಬಂದಿದ್ದ. ಇಪ್ಪತ್ತಾರು ವರ್ಷ. ಈ ಸಲ ನಾನೇ ತರುತ್ತೇನೆ ಎಂದ. ಅಜ್ಜನಿಗೆ ಖುಷಿಯೋ ಖುಷಿ. ದಾರಿ ಹೇಳಿಕೊಟ್ಟರು: ನಾಗಬನದ ಕಟ್ಟೆ ದಾಟಿ ಎಡಕ್ಕೆ, ಒಂಟಿಯಾಗಿ ನಿಂತ ಬೂದು ಬಣ್ಣದ ದೊಡ್ಡ ಮರ. ಹುಡುಗನ ಚಿಕ್ಕಪ್ಪ ಅಲ್ಲೇ ಜಗಲಿಯಲ್ಲಿದ್ದರು. ಮರ ಕಡಿಸಿದವರು ಅವರೇ. "ಹೇಳಬೇಕು ಅಂತ ಬಾಯಿವರೆಗೆ ಬಂದಿತ್ತು, ಅಪ್ಪನ ಎದುರು ಆಗಲಿಲ್ಲ. ಬೆಳಗ್ಗೆ ಇವನಿಗೆ ಗುಟ್ಟಾಗಿ ಹೇಳುವ ಅಂತ ಇದ್ದೆ, ನಿದ್ರೆ ಬಂತು" ಎಂದು ನನ್ನ ಹತ್ತಿರ ಹೇಳಿದರು. ಈ ಒಂದು ಮಾತಿಗಾಗಿ ಅವರು ಈಗಲೂ ಕೊರಗುತ್ತಾರೆ.

ಬೆಳಗ್ಗೆ ನಾಲ್ಕೂವರೆ, ಜಡಿಮಳೆ. ಹುಡುಗ ಮೊಬೈಲನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿ ಟಾರ್ಚ್ ಹಾಕಿಕೊಂಡು ಹೋದ. ಹೇಳಿದ ಜಾಗದಲ್ಲಿ ಬೂದು ಬಣ್ಣದ ಒಂಟಿ ಮರ ಇತ್ತು. ಕಡಿದ ಹಾಲೆಯ ಬುಡವೂ ಇತ್ತು, ಆದರೆ ಕಾಂಗ್ರೆಸ್ ಗಿಡ, ಬಳ್ಳಿ ಮುಚ್ಚಿ ಕಾಣುತ್ತಿರಲಿಲ್ಲ. ಕಲ್ಲಿನಿಂದ ಹೊಡೆದ. ಬೆರಳಿಗೂ ಒಂದು ಏಟು ಬಿದ್ದು ರಕ್ತ ಬಂತು. ತೊಗಟೆ ಚಕ್ಕೆ ಚಕ್ಕೆಯಾಗಿ ಎದ್ದಿತು.

ಹಾಲು ಬಂತಾ ಅಂತ ಆಮೇಲೆ ಕೇಳಿದೆ.

"ಬರಲಿಲ್ಲ. ಬರಬೇಕು ಅಂತ ಗೊತ್ತಿತ್ತು. ಮಳೆಗೆ ತೊಳೆದು ಹೋಯಿತು ಅಂದುಕೊಂಡೆ."

ಗೊತ್ತಿಲ್ಲದವನಲ್ಲ ಅವನು. ಗೊತ್ತಿದ್ದದ್ದು ಕಣ್ಣಿಗೆ ಕಾಣದೆ ಹೋದಾಗ ಅದಕ್ಕೊಂದು ಕಾರಣ ಕಟ್ಟಿಕೊಂಡ. ನಾನಾದರೂ ಆ ಮಳೆಯಲ್ಲಿ ಅಷ್ಟೇ ಮಾಡುತ್ತಿದ್ದೆನೋ ಏನೋ.

ಎರಡನೆಯ ಎಚ್ಚರಿಕೆ ಅಡುಗೆಮನೆಯಲ್ಲಿ ಬಂತು. ಅಜ್ಜಿ ಎರಡು ಚಮಚ ಬಾಯಿಗೆ ಹಾಕಿ ಮುಖ ಕಿವಿಚಿದರು. "ಈ ಸರ್ತಿ ಕಹಿ ಜಾಸ್ತಿ ಉಂಟು." ಅಜ್ಜ ಒಳಗಿನಿಂದಲೇ, "ಕಹಿ ಇದ್ದರೇ ಮದ್ದು" ಅಂದರು. ಎಲ್ಲರೂ ನಕ್ಕರು. ಕಹಿಯಾದದ್ದನ್ನು ಉಗಿಯುವುದು ನಾಲಗೆಗೆ ಹುಟ್ಟಿನಿಂದ ಬಂದ ಬುದ್ಧಿ. ಆದರೆ ವರ್ಷದಲ್ಲಿ ಆ ಒಂದು ದಿನ ಕಹಿಯನ್ನು ನುಂಗುವುದೇ ಕ್ರಮ. ಬೇರೆ ಯಾವ ದಿನವಾದರೂ ಆ ರಸ ಗಂಟಲಿಗೆ ಇಳಿಯುತ್ತಿರಲಿಲ್ಲ. ಒಂಬತ್ತು ವರ್ಷದ ಮಗು ಮಾತ್ರ ಥೂ ಎಂದು ಉಗಿದು ಓಡಿತು, ಬೈಸಿಕೊಂಡಿತು. ಹುಡುಗ ಅರ್ಧ ಗ್ಲಾಸು ಕುಡಿದ. ಅವನ ತಾಯಿ ಅದಕ್ಕಿಂತ ಸ್ವಲ್ಪ ಕಡಿಮೆ. ಅಜ್ಜ ಸ್ನಾನ ಮುಗಿಸಿ ಕುಡಿಯುವವರಿದ್ದರು.

ಸುಮಾರು ಇಪ್ಪತ್ತು ನಿಮಿಷ ಆಗಿರಬೇಕು. ಹುಡುಗ ಕುತ್ತಿಗೆ ಹಿಡಿಯುತ್ತಿದೆ ಅಂದ. ಕಾಲು ಸೆಟೆಯಿತು. ಗ್ಯಾಸ್ ಇರಬೇಕು, ಗಂಜಿ ಉಣ್ಣು ಅಂದರು. ಗಂಜಿಗೆ ಬಾಯಿ ತೆರೆಯಲು ದವಡೆ ಬಿಡಲಿಲ್ಲ. ಆ ಹೊತ್ತಿಗೆ ಅಂಗಳದಲ್ಲಿ ಯಾರೋ ಕೊಡಪಾನ ಬೀಳಿಸಿದರು. ಆ ಸದ್ದಿಗೆ ಅವನ ಮೈ ಬಿಲ್ಲಿನ ಹಾಗೆ ಹಿಂದಕ್ಕೆ ಬಾಗಿತು.

ಯಾರು ಏನು ಮಾಡಿದರು

ಮೊದಲ ಹತ್ತು ನಿಮಿಷ ಎಲ್ಲರೂ ಮೂರ್ಛೆರೋಗ ಎಂದೇ ತಿಳಿದರು. ಕೈಗೆ ಕಬ್ಬಿಣದ ಬೀಗದ ಕೈ ಕೊಟ್ಟರು, ಮುಖಕ್ಕೆ ನೀರು ಚಿಮುಕಿಸಿದರು, ಹೆಸರು ಹಿಡಿದು ಕೂಗಿದರು. ಮುಟ್ಟಿದಷ್ಟೂ, ಕೂಗಿದಷ್ಟೂ ಸೆಳೆತ ಜಾಸ್ತಿಯಾಯಿತು. ನೆರೆಮನೆಯವರೊಬ್ಬರು ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಎಂದರು. ಇನ್ನೊಬ್ಬರು ಇದು ತೋಟಕ್ಕೆ ಹೊಡೆಯುವ ಮದ್ದಿನ ವಾಸನೆ ಅಂದರು. ನಮ್ಮ ಜಿಲ್ಲೆಯಲ್ಲಿ ಗೋಡಂಬಿ ತೋಟಗಳ ಮೇಲೆ ವಿಮಾನದಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ನೆನಪು ಇನ್ನೂ ಹಸಿ. ವಿಷ ಅಂದ ಕೂಡಲೇ ಮನಸ್ಸು ಅಲ್ಲಿಗೇ ಓಡುತ್ತದೆ, ಅದು ತಪ್ಪೂ ಅಲ್ಲ.

ದಿಕ್ಕು ಬದಲಿಸಿದವರು ಹತ್ತಿರದ ಮನೆಯ ನಿವೃತ್ತ ನರ್ಸ್. ಊರಿಗೆಲ್ಲ ಅಕ್ಕ. ಅವರು ಬಂದು ಸುಮ್ನೆ ಒಂದು ನಿಮಿಷ ನೋಡಿದರು. ಸೆಳೆತದ ನಡುವೆಯೂ ಹುಡುಗನ ಕಣ್ಣು ಅವರನ್ನು ಹಿಂಬಾಲಿಸುತ್ತಿತ್ತು. ಸೆಳೆತ ಬಿಟ್ಟ ಕೂಡಲೇ, "ಅಕ್ಕಾ, ಮುಟ್ಟಬೇಡಿ" ಅಂದ. ಮೈಯಿಡೀ ಸೆಳೆಯುವ ಮೂರ್ಛೆರೋಗದಲ್ಲಿ ಎಚ್ಚರ ತಪ್ಪುತ್ತದೆ. ಇವನಿಗೆ ಪೂರ್ತಿ ಎಚ್ಚರ ಇದೆ. ಅಷ್ಟರಲ್ಲಿ ತಾಯಿಗೂ ದವಡೆ ಬಿಗಿಯತೊಡಗಿತ್ತು. ಇಬ್ಬರಿಗೆ ಒಂದೇ ಥರ ಅಂದರೆ ಇದು ಕುಡಿದದ್ದರಿಂದಲೇ ಎಂದು ಅವರಿಗೆ ಖಾತ್ರಿಯಾಯಿತು.

ಅಕ್ಕ ಹೇಳಿದ್ದು ನಾಲ್ಕೇ ಮಾತು. ಯಾರೂ ಕೂಗಬೇಡಿ. ವಾಂತಿ ಮಾಡಿಸಬೇಡಿ. ಅಜ್ಜನ ಕೈಯ ಗ್ಲಾಸು ಕಿತ್ತುಕೊಳ್ಳಿ. ಉಳಿದ ತೊಗಟೆ, ಚರಟ, ರಸ ಎಲ್ಲ ಡಬ್ಬಿಗೆ ಹಾಕಿ ಜೀಪಿನಲ್ಲಿಡಿ.

ವಾಂತಿ ಬೇಡ ಎಂದದ್ದಕ್ಕೆ ನೆರೆಯವರು ಆಗ ಸಿಟ್ಟಾದರು. ಆದರೆ ಗಂಟಲಿಗೆ ಕೈ ಹಾಕಿದರೆ ಅದೇ ಇನ್ನೊಂದು ಸೆಳೆತ ತರಬಹುದಿತ್ತು. ಸೆಳೆತದ ನಡುವೆ ವಾಂತಿ ಶ್ವಾಸಕೋಶಕ್ಕೆ ಹೋದರೆ ಮುಗಿಯಿತು.

ನೇರ ಮಂಗಳೂರಿಗೆ ಹೋಗುವುದೋ, ಹತ್ತಿರದ ಸಣ್ಣ ಆಸ್ಪತ್ರೆಗೋ ಎಂದು ಜೀಪಿನಲ್ಲೇ ಚರ್ಚೆ ಆಯಿತು. ನಮ್ಮ ಕಡೆಯವರಿಗೆ ದೊಡ್ಡ ಕಾಯಿಲೆ ಅಂದರೆ ಗಡಿಯ ತಲಪಾಡಿ ದಾಟಿ ಮಂಗಳೂರೇ. ಅಕ್ಕ ಹತ್ತಿರದ್ದೇ ಸಾಕು, ಮೊದಲು ಸೆಳೆತ ನಿಲ್ಲಲಿ ಅಂದರು. ಅರ್ಧ ಗಂಟೆಯ ದಾರಿ, ಪ್ರತಿ ಗುಂಡಿಗೂ ಒಂದು ಸೆಳೆತ. ಮಂಗಳೂರಿನ ತನಕ ಅದನ್ನು ತಡೆಯುವ ಶಕ್ತಿ ಆ ಮೈಗೆ ಇರುತ್ತಿರಲಿಲ್ಲ ಎಂದು ಆಮೇಲೆ ನೋಡಿದ ವೈದ್ಯರು ಹೇಳಿದರಂತೆ.

ಅಲ್ಲಿನ ಡ್ಯೂಟಿ ಡಾಕ್ಟರಿಗೆ ಮೊದಲು ಕಂಡದ್ದು ಬೆರಳಿನ ಗಾಯ. ಮಣ್ಣಾದ ಗಾಯ, ಬಿಗಿದ ದವಡೆ, ಬಾಗಿದ ಬೆನ್ನು. ಧನುರ್ವಾಯು ಎಂದು ಯಾರಿಗಾದರೂ ಅನಿಸುತ್ತದೆ, ಅಲ್ವಾ? ಆದರೆ ಗಾಯಕ್ಕೆ ಎರಡು ಗಂಟೆಯೂ ಆಗಿರಲಿಲ್ಲ. ಧನುರ್ವಾಯು ಕಾಣಿಸಿಕೊಳ್ಳಲು ದಿನಗಳೇ ಬೇಕು. ಜೊತೆಗೆ ಗಾಯವೇ ಇಲ್ಲದ ತಾಯಿಗೂ ಅದೇ ಲಕ್ಷಣ. ಅಕ್ಕ ಡಬ್ಬಿ ಮುಂದಿಟ್ಟರು. ಡಾಕ್ಟರು ಡಯಾಜೆಪಾಮ್ ಇಂಜೆಕ್ಷನ್ ಕೊಟ್ಟರು, ಕೋಣೆಯ ದೀಪ ಆರಿಸಿದರು, ಬಾಗಿಲು ಹಾಕಿಸಿದರು. ಸೆಳೆತಗಳ ನಡುವಿನ ಅಂತರ ಹೆಚ್ಚಾಯಿತು. ಆಮೇಲೆಯೇ ಆಂಬುಲೆನ್ಸಿನಲ್ಲಿ ಮಂಗಳೂರಿಗೆ.

ಅಲ್ಲಿ ಒಂದೂವರೆ ದಿನ ವೆಂಟಿಲೇಟರ್. ಸ್ನಾಯುಗಳು ಅಷ್ಟು ಬಿಗಿದರೆ ಒಡೆದು ಅವುಗಳ ಬಣ್ಣ ಮೂತ್ರಕ್ಕೆ ಇಳಿಯುತ್ತದೆ. ಅವನ ಮೂತ್ರ ಕಪ್ಪು ಚಹಾದ ಹಾಗಿತ್ತು. ಕಿಡ್ನಿ ಕೆಡದಂತೆ ಸಲೈನ್ ಹರಿಸಿದರು. ಡಯಾಲಿಸಿಸ್ ಬೇಕಾಗಲಿಲ್ಲ. ಏಳನೆಯ ದಿನ ಮನೆಗೆ. ತಾಯಿಗೆ ಒಂದು ದಿನದಲ್ಲೇ ಗುಣವಾಯಿತು. ಅಜ್ಜಿಗೆ, ಮಗುವಿಗೆ ಏನೂ ಆಗಲಿಲ್ಲ.

ಡಬ್ಬಿಯಲ್ಲಿ ಇದ್ದದ್ದು

ಮೂರನೆಯ ದಿನ ಡಬ್ಬಿ ನನ್ನ ಕೈಗೆ ಬಂತು. ಬೂದು ಬಣ್ಣದ ತೊಗಟೆ, ಮೇಲೆ ಸಣ್ಣ ಸಣ್ಣ ಬೊಕ್ಕೆಗಳು. ಹಾಲೆಯದ್ದೂ ಹೀಗೇ ಇರುತ್ತದೆ. ನಿಜ ಹೇಳಬೇಕೆಂದರೆ ನೋಡಿದ ಮಾತ್ರಕ್ಕೆ ನನಗೂ ಗೊತ್ತಾಗಲಿಲ್ಲ. ಅದಕ್ಕೇ ಮೊದಲು ಮರ ನೋಡಲು ಹೋದೆ. ಹಗಲಿನಲ್ಲಿ ಐದು ಸೆಕೆಂಡೂ ಬೇಕಾಗಲಿಲ್ಲ. ಎಲೆ ಎದುರುಬದುರು, ಎರಡೆರಡು. ಹೊಳೆಯುವ ಅಗಲ ಎಲೆ, ಬುಡದಿಂದಲೇ ಹೊರಟ ಮೂರರಿಂದ ಐದು ನರ. ನೆಲದಲ್ಲಿ ಕಿತ್ತಳೆಯಂಥ ಹಣ್ಣಿನ ಒಣ ಸಿಪ್ಪೆ, ಒಳಗೆ ಅಂಗಿಯ ಗುಂಡಿಯಂಥ ಚಪ್ಪಟೆ ಬೀಜ. ಕಾಸರಕ! ತುಳುವಿನ ಕಾಯೆರ್, ಮಲಯಾಳದ ಕಾಂಞಿರಂ. ಕಾಸರಗೋಡಿಗೆ ಆ ಹೆಸರು ಬಂದದ್ದೇ ಈ ಮರದಿಂದ ಎನ್ನುವವರಿದ್ದಾರೆ. ಊರಿನ ಹೆಸರಿನಲ್ಲೇ ಇದೆ ಎನ್ನುವ ಮರ, ಅದರ ಕೆಳಗೆ ನಿಂತವನಿಗೆ ಗುರುತು ಸಿಗಲಿಲ್ಲ.

ಹಾಲೆ ಹೋಗಿ ಕಾಸರಕ ಉಳಿದದ್ದೂ ಆಕಸ್ಮಿಕ ಅಲ್ಲ. ಹಾಲೆಗೆ ಬೆಲೆ ಇತ್ತು, ಹೋಯಿತು. ಬನದ ಅಂಚಿನ ಕಾಸರಕಕ್ಕೆ ಕೊಡಲಿ ಹಾಕಲು ಯಾರಿಗೂ ಧೈರ್ಯ ಇರಲಿಲ್ಲ, ಉಳಿಯಿತು.

ಆದರೂ ಡಬ್ಬಿಯ ತೊಗಟೆ ಅದೇ ಮರದ್ದು ಎಂದು ತೋರಿಸಬೇಕಿತ್ತು. ಗೊತ್ತಿರುವ ಹಾಲೆ ತೊಗಟೆ, ಗೊತ್ತಿರುವ ಕಾಸರಕ ತೊಗಟೆ, ಡಬ್ಬಿಯದ್ದು ಮೂರನ್ನೂ ಒಣಗಿಸಿ ಪಕ್ಕಪಕ್ಕ ಇಟ್ಟೆ. ಒಳಮೈಗೆ ನೈಟ್ರಿಕ್ ಆಮ್ಲದ ಹನಿ ಬಿಟ್ಟೆ. ಕಾಸರಕ ರಕ್ತದ ಹಾಗೆ ಕೆಂಪಾಯಿತು, ಡಬ್ಬಿಯದ್ದೂ ಹಾಗೇ. ಕೆಂಪು ಬಣ್ಣವನ್ನೇ ನಂಬುವ ಹಾಗಿಲ್ಲ, ಗಿಡಗಳಲ್ಲಿರುವ ಆಲ್ಕಲಾಯ್ಡ್ ಎಂಬ ಕಹಿ ರಾಸಾಯನಿಕಗಳಲ್ಲಿ ಬೇರೆ ಕೆಲವೂ ಈ ಆಮ್ಲಕ್ಕೆ ಕೆಂಪಾಗುವುದುಂಟು. ಅದಕ್ಕೆ ಸ್ಟ್ಯಾನಸ್ ಕ್ಲೋರೈಡ್ ಸೇರಿಸಿದೆ. ಎರಡರಲ್ಲೂ ಕೆಂಪು ಹೋಗಿ ನೇರಳೆ ಬಂತು. ಅದು ಕಾಸರಕದ ವಿಷಗಳಲ್ಲಿ ಒಂದಾದ ಬ್ರೂಸಿನ್‌ನ ಗುರುತು.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ, ಯಾಕೆಂದರೆ ಇದೇ ತಪ್ಪು ಇನ್ನೂರು ವರ್ಷ ಹಿಂದೆ ಯುರೋಪಿನಲ್ಲೂ ಆಗಿತ್ತು. ದಕ್ಷಿಣ ಅಮೆರಿಕದಿಂದ ಅಂಗೊಸ್ತುರಾ ಎಂಬ ಕಹಿ ತೊಗಟೆ ಜ್ವರದ ಮದ್ದಾಗಿ ಬರುತ್ತಿತ್ತು. ಅದನ್ನು ಕುಡಿದ ಕೆಲವರು ಸೆಳೆತ ಬಂದು ಬಿದ್ದರು. ಬೇರೊಂದು ತೊಗಟೆ ಅದರಲ್ಲಿ ಬೆರೆತಿತ್ತು. ಆ ಕಳ್ಳ ತೊಗಟೆ ಇಥಿಯೋಪಿಯಾದ ಬ್ರೂಸಿಯಾ ಗಿಡದ್ದು ಎಂದು ನಂಬಿದರು. 1819ರಲ್ಲಿ ಪೆಲೆಟಿಯೇ ಮತ್ತು ಕಾವಾಂಟು ಎಂಬ ಫ್ರೆಂಚ್ ವಿಜ್ಞಾನಿಗಳು ಅದರಿಂದ ಒಂದು ಆಲ್ಕಲಾಯ್ಡ್ ಬೇರ್ಪಡಿಸಿ ಬ್ರೂಸಿನ್ ಎಂದು ಹೆಸರಿಟ್ಟರು. ಆಮೇಲೆ ಗೊತ್ತಾಯಿತು, ಅದು ಬ್ರೂಸಿಯಾ ಅಲ್ಲವೇ ಅಲ್ಲ, ನಮ್ಮ ಕಾಸರಕದ ತೊಗಟೆ. ತಪ್ಪು ಗುರುತಿನಿಂದ ಹುಟ್ಟಿದ ಹೆಸರು ಇವತ್ತಿಗೂ ಉಳಿದಿದೆ. ಇದೇ ಜೋಡಿ 1818ರಲ್ಲಿ ಕಾಸರಕದಲ್ಲೂ ಇರುವ ಸ್ಟ್ರಿಕ್ನಿನ್ ಎಂಬ ವಿಷವನ್ನು, 1820ರಲ್ಲಿ ಸಿಂಕೋನಾ ತೊಗಟೆಯಿಂದ ಮಲೇರಿಯಾದ ಮದ್ದು ಕ್ವಿನೈನನ್ನು ಬೇರ್ಪಡಿಸಿತು. ವಿಷವೂ ಮದ್ದೂ ಎರಡೇ ವರ್ಷದ ಅಂತರದಲ್ಲಿ, ಒಂದೇ ಜೋಡಿಯ ಕೈಯಿಂದ.

ಗಿಡಗಳ ಒಳಗೂ ಹಾಗೇ. ಹಾಲೆ ತೊಗಟೆಯ ಮುಖ್ಯ ಆಲ್ಕಲಾಯ್ಡ್ ಎಕಿಟಮಿನ್. ಕಾಸರಕದ್ದು ಸ್ಟ್ರಿಕ್ನಿನ್, ಬ್ರೂಸಿನ್. ಸಿಂಕೋನಾದ್ದು ಕ್ವಿನೈನ್. ನಾಲ್ಕೂ ಸ್ಟ್ರಿಕ್ಟೊಸಿಡಿನ್ ಎಂಬ ಒಂದೇ ಮೂಲದಿಂದ ಹೊರಡುತ್ತವೆ. ಒಂದೇ ಹಿಟ್ಟಿನಿಂದ ದೋಸೆಯೂ ಆಗುತ್ತದೆ, ಪಡ್ಡೂ ಆಗುತ್ತದೆ. ಮರ ಯಾವುದು ಎನ್ನುವುದರ ಮೇಲೆ ದಾರಿ ಬೇರೆಯಾಗುತ್ತದೆ. ನಾಲಗೆಗೆ ಮಾತ್ರ ಎಲ್ಲವೂ ಕಹಿ.

ಸ್ಟ್ರಿಕ್ನಿನ್ ಮಾಡುವ ಕೆಲಸವೂ ವಿಚಿತ್ರ. ನಮ್ಮ ಬೆನ್ನುಹುರಿಯಲ್ಲಿ ಸ್ನಾಯುಗಳಿಗೆ "ಸಾಕು, ನಿಲ್ಲು" ಎಂದು ಹೇಳುವ ರಾಸಾಯನಿಕ ಗ್ಲೈಸಿನ್. ಸ್ಟ್ರಿಕ್ನಿನ್ ಅದರ ಜಾಗದಲ್ಲಿ ಕೂತು ಆ ಮಾತು ಕೇಳಿಸದಂತೆ ಮಾಡುತ್ತದೆ. ಬ್ರೇಕ್ ಇಲ್ಲದ ಗಾಡಿ. ಆಮೇಲೆ ಒಂದು ಸದ್ದು, ಒಂದು ಸ್ಪರ್ಶ ಸಾಕು, ಮೈಯ ಸ್ನಾಯುಗಳೆಲ್ಲ ಒಟ್ಟಿಗೆ ಬಿಗಿಯುತ್ತವೆ. ಮಿದುಳಿಗೆ ಎಚ್ಚರ ಇರುತ್ತದೆ, ನೋವೂ ಗೊತ್ತಾಗುತ್ತದೆ. ಎದೆಯ ಸ್ನಾಯುಗಳು ಬಿಗಿದರೆ ಉಸಿರು ನಿಲ್ಲುತ್ತದೆ. ಇದಕ್ಕೆ ಪ್ರತಿವಿಷ ಎಂಬುದಿಲ್ಲ, ಮೈ ಅದನ್ನು ಹೊರಹಾಕುವ ತನಕ ಉಸಿರು ಕಾಯಬೇಕು ಅಷ್ಟೇ. ತೊಗಟೆಯಲ್ಲಿ ಸಾಮಾನ್ಯವಾಗಿ ಬ್ರೂಸಿನ್‌ನದ್ದೇ ಮೇಲುಗೈ. ಅದೂ ಇದೇ ದಾರಿಯ ವಿಷ, ಆದರೆ ಸ್ಟ್ರಿಕ್ನಿನ್‌ನಷ್ಟು ಉಗ್ರ ಅಲ್ಲ. ಹುಡುಗ ಬದುಕಲು ಅದೂ ಒಂದು ಕಾರಣ ಇರಬಹುದು.

ಬಿಳಿಕಲ್ಲು ಹಾಕಿದ್ದೆವಲ್ಲ, ವಿಷ ಇದ್ದರೆ ಅದು ಎಳೆದುಕೊಳ್ಳಬೇಕಿತ್ತಲ್ಲ ಎಂದು ಅಜ್ಜಿ ಕೇಳಿದರು. ಇಲ್ಲ ಅಜ್ಜಿ, ಕಾಯಿಸಿದರೂ ಕುದಿಸಿದರೂ ಅದು ಹೋಗುವುದಲ್ಲ. ಆಯುರ್ವೇದದಲ್ಲಿ ಕಾಸರಕದ ಬೀಜವನ್ನು ಮದ್ದಿಗೆ ಬಳಸುವುದುಂಟು, ಆದರೆ ಗೋಮೂತ್ರ, ಹಾಲು, ತುಪ್ಪದಲ್ಲಿ ದಿನಗಟ್ಟಲೆ ಶುದ್ಧಿ ಮಾಡಿದ ಮೇಲೆ. ಹಸಿ ತೊಗಟೆಯ ರಸಕ್ಕೂ ಅದಕ್ಕೂ ಸಂಬಂಧ ಇಲ್ಲ.

ಆಮೇಲೆ

ನನ್ನ ಮೊದಲ ಪ್ರಯತ್ನ ಸೋತಿತು. ಎರಡೂ ತೊಗಟೆಗಳ ದೊಡ್ಡ ಚಿತ್ರ ಹಾಕಿ ಪೋಸ್ಟರ್ ಮಾಡಿಸಿ ಊರಿನ ಕ್ಲಬ್ಬಿನಲ್ಲಿ ಅಂಟಿಸಿದೆ. ಬಹಳ ಚೆನ್ನಾಗಿದೆ ಅಂದರು. ಒಂದು ಭಾನುವಾರ ಆರು ತುಂಡು ತೊಗಟೆಗಳನ್ನು ನಂಬರ್ ಹಾಕಿ ಮೇಜಿನ ಮೇಲಿಟ್ಟು, ಯಾವುದು ಹಾಲೆ ಹೇಳಿ ಅಂದೆ. ಪೋಸ್ಟರ್ ಪಕ್ಕದಲ್ಲೇ ಇತ್ತು. ಹೆಚ್ಚಿನವರು ತಪ್ಪು ಹೇಳಿದರು. ನನ್ನ ಇಬ್ಬರು ವಿದ್ಯಾರ್ಥಿಗಳು ತಪ್ಪು ಹೇಳಿದರು. ನಂಬರ್ ಅದಲುಬದಲು ಮಾಡಿ ನನಗೇ ಕೊಟ್ಟರು, ನಾನೂ ಒಂದನ್ನು ತಪ್ಪಿದೆ. ಪೋಸ್ಟರ್ ಅವತ್ತೇ ತೆಗೆದೆ. ಮರದಿಂದ ಎದ್ದ ಚಕ್ಕೆಗೆ ಎಲೆ ಇಲ್ಲ, ಸ್ವಲ್ಪ ಹೊತ್ತಿಗೆ ಹಾಲೂ ಒಣಗುತ್ತದೆ. ಗುರುತು ಉಳಿಯುವುದು ಮರದಲ್ಲಿ, ತೊಗಟೆಯಲ್ಲಿ ಅಲ್ಲ. ಅಜ್ಜ ಹಿಂದಿನ ಸಂಜೆ ಹೋಗಿ ಬಳ್ಳಿ ಸುತ್ತುತ್ತಿದ್ದದ್ದು ಯಾಕೆ ಎಂದು ನನಗೆ ಹೊಳೆದದ್ದು ಆ ಮೇಜಿನ ಎದುರು.

ಊರಲ್ಲಿ ಎರಡು ಪಂಗಡ ಆಯಿತು. ಕಷಾಯವೇ ಬೇಡ, ಹುಚ್ಚು ಎಂದರು ಕೆಲವರು. ಶಾಸ್ತ್ರ ಬಿಡಬಾರದು ಎಂದರು ಉಳಿದವರು. ನನ್ನನ್ನು ಕೇಳಿದರೆ, ಹಾಲೆ ರಸ ವರ್ಷವಿಡೀ ರೋಗ ತಡೆಯುತ್ತದೆ ಎಂಬುದನ್ನು ನಾನು ನಂಬುವುದಿಲ್ಲ. 19ನೇ ಶತಮಾನದಲ್ಲಿ ಕ್ವಿನೈನ್‌ಗೆ ಬದಲಿಯಾಗಿ ಇದನ್ನು ಮಲೇರಿಯಾಕ್ಕೆ ಕೊಟ್ಟು ನೋಡಿದ್ದರು, ಕ್ವಿನೈನ್‌ನ ಹತ್ತಿರಕ್ಕೂ ಬರಲಿಲ್ಲ. ಆದರೆ ಬೇಡ ಎಂದರೆ ಜನ ನಿಲ್ಲಿಸುವುದಿಲ್ಲ, ಗುಟ್ಟಾಗಿ ಮಾಡುತ್ತಾರೆ. ಗುಟ್ಟಿನಲ್ಲಿ ಮಾಡಿದರೆ ಅಕ್ಕನಂಥವರನ್ನು ಕರೆಯಲೂ ಹಿಂಜರಿಯುತ್ತಾರೆ.

ಕೊನೆಗೆ ಒಪ್ಪಿಗೆಯಾದದ್ದು ಇಷ್ಟು. ಹಿಂದಿನ ದಿನ ಹಗಲಲ್ಲೇ ಇಬ್ಬರು ಹೋಗಿ ಮರ ಗುರುತು ಮಾಡಬೇಕು. ಎಲೆಯ ಒಂದು ಗೊಂಚಲು ತಂದು ಮನೆಯ ಹಿರಿಯರ ಕೈಗೆ ಕೊಡಬೇಕು. ತೊಗಟೆಗೆ ಕಲ್ಲು ಬಿದ್ದಾಗ ಹಾಲು ಕಾಣದಿದ್ದರೆ ಮಳೆ ಇರಲಿ, ಕತ್ತಲೆ ಇರಲಿ, ಬರಿಗೈಯಲ್ಲಿ ವಾಪಸು ಬರಬೇಕು. ಬೆಳಗಿನ ಜಾವ, ಕಲ್ಲು, ಬಿಳಿಕಲ್ಲು ಎಲ್ಲ ಮೊದಲಿನ ಹಾಗೇ. ಈಗ ಹನ್ನೆರಡು ಮನೆಗೆ ಒಂದೇ ಮರದಿಂದ ತೊಗಟೆ ಬರುತ್ತದೆ. ಚಿಕ್ಕಪ್ಪ ಹಳೆ ಹಾಲೆಯ ಬುಡದ ಪಕ್ಕ ಒಂದು ಸಸಿ ನೆಟ್ಟಿದ್ದಾರೆ. ಅಜ್ಜನಿಗೆ ಎಲ್ಲ ಹೇಳಿಯೂ ಆಯಿತು. "ಮರ ಹೋದದ್ದಕ್ಕೆ ಬೇಸರ ಇಲ್ಲ, ನನಗೆ ಹೇಳಲಿಲ್ಲ ಅಲ್ಲವಾ" ಅಂದರಂತೆ, ಒಂದು ವಾರ ಮಗನ ಹತ್ತಿರ ಮಾತಾಡಲಿಲ್ಲ.

ಕಾಸರಕ ಮರವನ್ನು ಕಡಿಯುವ ಮಾತೂ ಬಂದಿತ್ತು. ಬನದ ಮರ, ಅದೇನು ಮಾಡಿತು ಪಾಪ ಎಂದು ಅಜ್ಜಿ ಬಿಡಲಿಲ್ಲ. ಎದೆಯ ಎತ್ತರದಲ್ಲಿ ಸುತ್ತ ಕೆಂಪು ಪೈಂಟಿನ ಪಟ್ಟಿ ಬಳಿದರು. ನಮ್ಮ ಮಳೆಗೆ ಆ ಪೈಂಟು ಎರಡು ವರ್ಷವೂ ನಿಲ್ಲುವುದಿಲ್ಲ. ಕಳೆದ ವಾರ ಆ ಕಡೆ ಹೋದಾಗ ನೋಡಿದೆ, ಪಾಚಿ ಹತ್ತಿ ಅರ್ಧ ಅಳಿಸಿದೆ. ಹುಡುಗನಿಗೆ ಫೋನ್ ಮಾಡಿ ಹೇಳಿದೆ. ಆಟಿಗೆ ಮೊದಲು ಬರುತ್ತೇನೆ, ಪೈಂಟ್ ಡಬ್ಬಿ ನೀವೇ ತಂದಿಡಿ ಅಂದಿದ್ದಾನೆ.